ಮೊದಲ ನೀರಿನ ಶುಕ್ರವಾರ

ಅಂಜಿನಮ್ಮನಿಗೆ ಸೊಸೆಯ ಮೇಲಿದ್ದ ದೂರುಗಳಲ್ಲಿ ಮೊದಲನೆಯದು ಗೇಟಿಗೆ ಅಂಟಿಸಿದ ಕಾಗದ. ದಿವ್ಯಾ ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದಳು: 'ಮೇಲಿನ ಮನೆಗೆ ಬರುವವರು ಮಾಸ್ಕ್ ಹಾಕಿರಬೇಕು. ಕೈ ತೊಳೆದಿರಬೇಕು. ಜ್ವರ, ನೆಗಡಿ, ಕೆಮ್ಮು ಇದ್ದವರು ದಯವಿಟ್ಟು ಬರಬೇಡಿ.' ದಯವಿಟ್ಟು ಅಂತ ಇದ್ದರೂ ಓದಿದವರಿಗೆ ಬೈಸಿಕೊಂಡಂತೆಯೇ ಆಗುತ್ತಿತ್ತು. ನೆಂಟರು ಗೇಟಿನ ತನಕ ಬಂದು, ಓದಿ, ಅಲ್ಲಿಂದಲೇ ಫೋನಿನಲ್ಲಿ ಯೋಗಕ್ಷೇಮ ವಿಚಾರಿಸಿ, ತಂದ ಬಾಳೆಹಣ್ಣನ್ನು ಕಾಂಪೌಂಡಿನ ಮೇಲಿಟ್ಟು ಹೋಗುತ್ತಿದ್ದರು.

"ನನ್ನ ತಂಗಿ ಗೇಟ್ ತಾವಿಂದ್ಲೇ ಅತ್ಕೊಂಡು ಒಂಟೋದ್ಲು. ಮನೆ ನಂದು, ಮಗ ನನ್ನವನು, ಅವನ ಒಟ್ಟೇಲಿರೋ ಕಿಡ್ನಿನೂ ನಂದೇ. ಬರಬ್ಯಾಡಿ ಅನ್ನಕ್ಕೆ ಇವಳ್ಯಾರು?" ಎಂದು ಅಂಜಿನಮ್ಮ ಗಂಡನ ಮುಂದೆ ಗೊಣಗಿದಳು.

ಗಂಡ ಚಿಕ್ಕಬೈರಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಒಳಗೋಗಿ ಅವಳ್ನೇ ಕೇಳು."

ಅವಳನ್ನು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಬೊಮ್ಮಸಂದ್ರದ ಗಾರ್ಮೆಂಟ್ಸ್ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಕೆಲಸ ಮಾಡುವ ದಿವ್ಯಾ ಎಂಟುನೂರು ಜನರನ್ನು ದಿನಾ ಸಮಯಕ್ಕೆ ಸರಿಯಾಗಿ ಒಳಗೆ ಕಳಿಸುವವಳು. ಮನೆಯಲ್ಲಿ ನಾಲ್ಕೇ ಜನ. ಬೆಳಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಅವಳ ಫೋನಿನಲ್ಲಿ ಕೊಳಲಿನ ರಾಗವೊಂದು ಮೊಳಗುತ್ತಿತ್ತು. ಅದು ಲೋಕೇಶನ ಮಾತ್ರೆಯ ಹೊತ್ತು. ಆ ರಾಗ ಕೇಳಿದರೆ ಚಿಕ್ಕಬೈರಪ್ಪ ಕೂಡ ಟಿ.ವಿ. ಸದ್ದು ಇಳಿಸುತ್ತಿದ್ದ.

ಜಿಗಣಿ ಇಂಡಸ್ಟ್ರಿಯಲ್ ಏರಿಯಾಗೆ ಅಂಟಿಕೊಂಡ ಊರು ಅವರದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಕಟ್ಟಡ. ಕೆಳಗೆ ಸಾಲಾಗಿ ಹತ್ತು ಬಾಡಿಗೆ ರೂಮು, ಮೇಲೆ ಇವರ ಮನೆ. ಒಬ್ಬನೇ ಮಗ ಲೋಕೇಶ್ ಟಾಟಾ ಏಸ್ ಇಟ್ಟುಕೊಂಡು ಗ್ರಾನೈಟ್ ಫ್ಯಾಕ್ಟರಿಗಳಿಗೆ ಓಡಿಸುತ್ತಿದ್ದವನು, ಮೂವತ್ತನಾಲ್ಕಕ್ಕೆ ಎರಡೂ ಕಿಡ್ನಿ ಕಳೆದುಕೊಂಡ. ಒಂದೂವರೆ ವರ್ಷ ಡಯಾಲಿಸಿಸ್ ಆಯಿತು. ಅದೂ ಕೈಕೊಡಲು ಶುರುವಾದಾಗ, ಆಗಸ್ಟ್ ತಿಂಗಳಲ್ಲಿ, ಅಂಜಿನಮ್ಮ ತನ್ನದೊಂದನ್ನು ಕೊಟ್ಟಳು. ಕೊಡುವಾಗ ಒಂದು ಮಾತೂ ಆಡಲಿಲ್ಲ. ಕೊಟ್ಟ ಮೇಲೆ ಆ ಮಾತು ಆಡದ ದಿನವಿರಲಿಲ್ಲ.

ಫೆಬ್ರವರಿಯಲ್ಲಿ ಮೊದಲ ಪೆಟ್ಟು ಬಿತ್ತು. ಲೋಕೇಶನ ಮೈ ಆ ಕಿಡ್ನಿಯನ್ನು ಒಲ್ಲೆ ಎನ್ನತೊಡಗಿತು. ಐದು ದಿನ ಆಸ್ಪತ್ರೆ, ಸೂಜಿ, ಮೊದಲಿಗಿಂತ ಜಾಸ್ತಿ ಮಾತ್ರೆ. ಬಿಡುಗಡೆಯ ದಿನ ಡಾಕ್ಟರು ತಾಯಿ, ಮಗ, ಸೊಸೆ ಮೂವರನ್ನೂ ಕೂರಿಸಿಕೊಂಡು ಹೇಳಿದರು.

"ನೋಡಿಯಮ್ಮ, ಪ್ರತಿಯೊಬ್ಬರ ಮೈಯಲ್ಲೂ ಒಬ್ಬ ಕಾವಲುಗಾರ ಇರ್ತಾನೆ. ನಿಮ್ಮ ಮಗನ ಕಾವಲುಗಾರನಿಗೆ ನಿಮ್ಮ ಕಿಡ್ನಿ ಕಳ್ಳನ ಥರ ಕಾಣ್ತಿದೆ, ಅದಕ್ಕೆ ಹೊಡೀತಿದ್ದಾನೆ. ಈ ಮಾತ್ರೆಗಳು ಅವನನ್ನ ಮಲಗಿಸಿಡ್ತವೆ. ಕಿಡ್ನಿ ಉಳಿಯುತ್ತೆ. ಆದರೆ ಅವನು ಮಲಗಿರೋವಾಗ ನಿಜವಾದ ಕಳ್ಳ ಬಂದ್ರೆ ತಡೆಯೋರು ಇಲ್ಲ. ನಮಗೆ ನಾಲ್ಕು ದಿನದಲ್ಲಿ ವಾಸಿಯಾಗೋ ವೈರಸ್ಸು ಇವರ ಜೀವಕ್ಕೇ ಬರಬಹುದು. ಈಗಂತೂ ಡೋಸ್ ಜಾಸ್ತಿ ಮಾಡಿದ್ದೀವಿ. ಇನ್ನು ಮೂರು ತಿಂಗಳು ಬಹಳ ಹುಷಾರಾಗಿರಿ." ಅವರು ಫೈಲು ತಿರುವಿ ಒಂದು ಕಡೆ ಬೆರಳಿಟ್ಟರು. "ಇನ್ನೊಂದು ವಿಷಯ. ಇವರಿಗೆ ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದೇ ಇಲ್ಲ. ರಕ್ತದಲ್ಲಿ ಅದರ ರಕ್ಷಣೆ ಇಲ್ಲ. ಆಪರೇಷನ್‌ಗೆ ಮುಂಚೆ ಲಸಿಕೆ ಹಾಕಬೇಕಿತ್ತು, ಆಗ ಟೈಮ್ ಇರಲಿಲ್ಲ. ಈಗ ಆ ಲಸಿಕೆ ಹಾಕೋ ಹಾಗಿಲ್ಲ."

"ಏನದು?" ಎಂದು ಅಂಜಿನಮ್ಮ ಸೊಸೆಯನ್ನು ಕೇಳಿದಳು.

"ಅಮ್ಮ ಬರೋದು ಅತ್ತೆ. ಮೈಮೇಲೆ ಏಳುತ್ತಲ್ಲ."

ಅಂಜಿನಮ್ಮ ಅಲ್ಲೇ, ಡಾಕ್ಟರ ಎದುರೇ, ಎರಡೂ ಕೆನ್ನೆ ಬಡಿದುಕೊಂಡಳು. ಮನೆಗೆ ಬಂದ ಮೇಲೆ ಗಂಡನಿಗೆ ಹೇಳಿದಳು: "ಆ ತಾಯಿನೂ ರೋಗದ ಪಟ್ಟಿಗೆ ಸೇರಿಸ್ಬುಟ್ಟವ್ರೆ. ಇವಕ್ಕೆಲ್ಲ ಒಳ್ಳೇದಾಯ್ತದಾ?"

ಅಲ್ಲಿಂದ ಮನೆಯ ಕಟ್ಟುನಿಟ್ಟು ಇಮ್ಮಡಿಯಾಯಿತು. ಮುದ್ದೆ ಬಿಸಿ ಇದ್ದಾಗಲೇ ತಟ್ಟೆಗೆ ಬರಬೇಕು. ರಾತ್ರಿಯ ಬಸ್ಸಾರು ಬೆಳಗ್ಗೆ ಇನ್ನೂ ರುಚಿಯಾಗಿರುತ್ತದೆಂಬುದು ಅಂಜಿನಮ್ಮನ ಅರವತ್ತು ವರ್ಷದ ಅನುಭವ, ಆದರೆ ದಿವ್ಯಾ ಅದನ್ನು ಸಿಂಕಿಗೆ ಸುರಿಯುತ್ತಿದ್ದಳು. ಕೋಸಂಬರಿ ನಿಂತಿತು. ಅಂಗಡಿ ಮೊಸರು ನಿಂತಿತು. ಕೆಳಗಿನ ರೂಮಿನ ಮಹಾನಂದಾ ಪಾತ್ರೆ ತೊಳೆಯಲು ಬರುತ್ತಿದ್ದುದೂ ನಿಂತಿತು. ಬಾಡಿಗೆದಾರರಿಗೆ ಒಂದು ಎಚ್ಚರಿಕೆಯೂ ಹೋಯಿತು: ಯಾರ ಮನೆಯಲ್ಲಿ ಜ್ವರ ಬಂದರೂ ತಕ್ಷಣ ತಿಳಿಸಬೇಕು, ಮುಚ್ಚಿಟ್ಟರೆ ರೂಮು ಖಾಲಿ ಮಾಡಬೇಕು.

"ಬಂಗಾರದಂಥ ಸಾರು ಚೆಲ್ತೀಯಲ್ಲ, ಕೈಯಾದ್ರೂ ಎಂಗೆ ಬತ್ತದೆ ನಿಂಗೆ?"

"ಸಾರು ನಾಳೆ ಮಾಡ್ಕೋಬಹುದು ಅತ್ತೆ."

"ಮಗನ್ನ ಸಾಕಿದ್ದು ಇದೇ ಸಾರಲ್ಲಿ."

"ಆಗ ಅವರು ಮಾತ್ರೆ ತಗೋತಿರಲಿಲ್ಲ."

ಲೋಕೇಶ್ ಮಾಸ್ಕ್ ಗಲ್ಲಕ್ಕೆ ಎಳೆದುಕೊಂಡು ನಕ್ಕ. "ಅಮ್ಮಾ, ಕಿಡ್ನಿ ನಿಂದು, ಹೊಟ್ಟೆ ನಂದು, ಅಡುಗೆ ಅವಳದು. ಮೂರೂ ಜನ ಹೊಂದ್ಕೊಂಡು ಹೋಗಾಣ."

ಮಾರ್ಚ್ ತಿಂಗಳ ಎರಡನೇ ವಾರ ಬಂದ ರಕ್ತದ ವರದಿಯಲ್ಲಿ, ಕಿಡ್ನಿ ಸೋತರೆ ಏರುವ ಅಂಕಿ ಮತ್ತೆ ಸ್ವಲ್ಪ ಮೇಲೇರಿತ್ತು. ಡಾಕ್ಟರು ನೋಡೋಣ ಅಂದರು. ಆ 'ನೋಡೋಣ' ಅಂಜಿನಮ್ಮನ ಊಟ ಕಿತ್ತುಕೊಂಡಿತು. ತನ್ನ ಮೈಯಿಂದ ಕೊಯ್ದು ಕೊಟ್ಟದ್ದು ಮಗನ ಮೈಯಲ್ಲಿ ಸಾಯುತ್ತಿದೆಯೇ ಎಂಬ ಭಯ ಅವಳಿಗೆ. ಸೊಸೆಯೊಡನೆ ಅದನ್ನು ಹೇಳಿಕೊಂಡಿದ್ದರೆ ಇಬ್ಬರೂ ಕೂತು ಅಳಬಹುದಿತ್ತು, ಏಕೆಂದರೆ ದಿವ್ಯಾಳಿಗೂ ಅದೇ ಭಯವಿತ್ತು. ಆದರೆ ಅವರ ನಡುವೆ ಆಗಲೇ ಸಾರಿನ ಪಾತ್ರೆ ಅಡ್ಡ ನಿಂತಿತ್ತು.

ಆ ಸೋಮವಾರ ಮಧ್ಯಾಹ್ನ ಕೆಳಗಿನ ನಾಲ್ಕನೇ ರೂಮಿನಿಂದ ಮಹಾನಂದಾ ಬಂದು ಮೆಟ್ಟಿಲ ಬುಡದಲ್ಲಿ ನಿಂತಳು. ಯಾದಗಿರಿ ಕಡೆಯವಳು. ಗಂಡ ಭೀಮಪ್ಪ ಗ್ರಾನೈಟ್ ಪಾಲಿಶ್ ಮಾಡುವವನು. ಆರು ವರ್ಷದ ಮಗಳು ಸವಿತಾ.

"ಅಜ್ಜಿ, ಸಣ್ಣಾಕಿಗಿ ಅಮ್ಮ ಬಂದಾಳ್ರೀ," ಎಂದಳು ಸಣ್ಣ ದನಿಯಲ್ಲಿ. "ನಿನ್ನಿ ರಾತ್ರಿ ಮೈ ಸುಡ್ತಿತ್ತು, ಮುಂಜಾನಿ ನೋಡಿದ್ರ ಮಾರಿ ಮ್ಯಾಗ, ಬೆನ್ನ ಮ್ಯಾಗ ಗುಳ್ಳಿ. ದಿವ್ಯಾ ಮೇಡಂಗ ಹೇಳಬೇಕ್ರೀ ಅಂದ್ರ ಹೆದರಿಕಿ. ರೂಮ್ ಬಿಡಸ್ತಾರ. ಇಂಥಾ ಹೊತ್ನ್ಯಾಗ ಕೂಸಿನ ಕರ್ಕೊಂಡು ಎಲ್ಲಿಗಿ ಹೋಗೂಣ್ರೀ?"

ಅಂಜಿನಮ್ಮ ಹೋಗಿ ನೋಡಿದಳು. ಮಗು ಚಾಪೆಯ ಮೇಲೆ ಮಲಗಿತ್ತು. ಹಣೆ, ಕೆನ್ನೆ, ತುಟಿಯ ಅಂಚು, ಎಲ್ಲೆಡೆ ನೀರಿನ ಹನಿ ಕೂರಿಸಿದಂಥ ಗುಳ್ಳೆಗಳು. ಅವಳಿಗೂ ಏಳನೇ ವಯಸ್ಸಿನಲ್ಲಿ ಬಂದಿತ್ತು. ಅವಳ ಅವ್ವ ಬಾಗಿಲಿಗೆ ಬೇವು ಕಟ್ಟಿ ಒಂಬತ್ತು ದಿನ ಮನೆಯಲ್ಲಿ ಒಗ್ಗರಣೆ ಹಾಕಿರಲಿಲ್ಲ. ಬೇವು ಕಟ್ಟಿದ ಮನೆಯಿಂದ ಯಾರೂ ಹೊರಗೆ ಹೋಗಕೂಡದು, ಹೊರಗಿನವರು ಒಳಗೆ ಬರಕೂಡದು, ಡಾಕ್ಟರನ್ನಂತೂ ಕರೆಯಕೂಡದು. ತಾಯಿ ಬಂದಿದ್ದಾಳೆ, ತಣ್ಣಗೆ ಇದ್ದು ತಾನಾಗಿ ಹೋಗಬೇಕು.

"ಬಂದಿರೋ ತಾಯಿನ ಆಚೆಗೋಗು ಅನ್ನಕ್ಕಾಯ್ತದಾ?" ಎಂದಳು ಅಂಜಿನಮ್ಮ. "ನೀನು ಬೇವು ಕಟ್ಟು. ಬಾಗ್ಲು ಒಳಗಡೆ ಕಟ್ಟು, ಈಚೆಗೆ ಕಾಣಂಗೆ ಬ್ಯಾಡ. ನನ್ನ ಸೊಸೆಗೆ ನಾನೂ ಯೋಳಲ್ಲ, ನೀನೂ ಯೋಳಬ್ಯಾಡ. ಮಗುನ ಈಚೆ ಬಿಡಬ್ಯಾಡ, ಅಷ್ಟೆ."

ಇಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಕೆಳಗಿನ ಮಗು ಕೆಳಗೆ, ಮೇಲಿನ ಮಗ ಮೇಲೆ ಇದ್ದುಬಿಡುತ್ತಿದ್ದರು. ಆದರೆ ಅಂಜಿನಮ್ಮನ ತಲೆಯಲ್ಲಿ ಇನ್ನೊಂದು ಯೋಚನೆ ಹೊಕ್ಕಿತು. ಅದು ಕೆಟ್ಟ ಯೋಚನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ದೇವರ ಮೇಲೆ ಆಣೆ, ಮಗನ ಮೇಲಿನ ಪ್ರೀತಿಯಿಂದಲೇ ಮಾಡಿದಳು.

ಮಹಾನಂದಾ ಬೇರೆ ಮನೆಗಳ ಕೆಲಸಕ್ಕೆ ಹೋಗದೆ ನಾಲ್ಕು ದಿನವಾಗಿತ್ತು. ಹಾಗಾಗಿ ಗುಳ್ಳೆ ಒಣಗಲು ಇನ್ನೆರಡು ದಿನ ಕಾಯದೆ ಶುಕ್ರವಾರವೇ ಮಗುವಿಗೆ ಮೊದಲ ನೀರು ಹಾಕಿದರು. ಬಿಸಿಲಿಗಿಟ್ಟ ನೀರಿಗೆ ಬೇವು, ಅರಿಶಿನ. ಮೊದಲ ನೀರು ಬಿದ್ದ ಮಗು ಅಂದರೆ ಸಾಕ್ಷಾತ್ ತಾಯಿಯೇ. ಅಂಜಿನಮ್ಮನ ತವರಿನಲ್ಲಿ ದೊಡ್ಡವರು ಕೂಡ ಆ ದಿನ ಮಗುವಿನ ಎದುರು ತಲೆ ಬಗ್ಗಿಸಿ ಕೈ ಇಡಿಸಿಕೊಳ್ಳುತ್ತಿದ್ದರು.

ದಿವ್ಯಾ ಎಂದಿನಂತೆ ಎಂಟೂಕಾಲಿನ ಕಂಪನಿ ಬಸ್ಸಿಗೆ ಹೋಗಿದ್ದಳು. ಚಿಕ್ಕಬೈರಪ್ಪ ಅರಳಿಕಟ್ಟೆಗೆ ಹೋಗಿದ್ದ. ಲೋಕೇಶ್ ಉಂಡು, ಮಾಸ್ಕ್ ತೆಗೆದಿಟ್ಟು, ಫ್ಯಾನಿನ ಕೆಳಗೆ ನಿದ್ದೆ ಹೋಗಿದ್ದ. ಮಹಾನಂದಾ ನೀರು ಹಿಡಿಯಲು ಹೋದ ಹೊತ್ತು ನೋಡಿ ಅಂಜಿನಮ್ಮ ಸವಿತಾಳನ್ನು ಸೊಂಟಕ್ಕೆ ಏರಿಸಿಕೊಂಡು ಹಿಂದಿನ ಮೆಟ್ಟಿಲಿನಿಂದ ಮೇಲೆ ಬಂದಳು. ಮಗುವಿನ ಮುಖ ಅರಿಶಿನದಿಂದ ಹಳದಿಯಾಗಿತ್ತು. ಕತ್ತಿನ ಹತ್ತಿರ, ಅಂಗೈಯಲ್ಲಿ ಕೆಲವು ಗುಳ್ಳೆಗಳು ಇನ್ನೂ ಒದ್ದೆಯಾಗಿದ್ದವು.

"ಅಜ್ಜಿ, ಮಾಮಾ ಎದ್ರ ಬೈತಾನ?"

"ಬೈಯಲ್ಲ ಕಣವ್ವ. ನೀನು ಕೈ ಇಡು. ಒಳ್ಳೇದಾಗ್ಲಿ ಅನ್ನು."

ಮಗು ಮಂಚದ ಮೇಲೆ ಬಗ್ಗಿ ಲೋಕೇಶನ ಹಣೆಯ ಮೇಲೆ ಅಂಗೈ ಇಟ್ಟಿತು. "ಒಳ್ಳೇದಾಗ್ಲಿ," ಎಂದಿತು. ಆಮೇಲೆ ಒಂದು ಸಲ ಸೀನಿತು. ಲೋಕೇಶ್ ನಿದ್ದೆಯಲ್ಲೇ ಸಣ್ಣಗೆ ನಕ್ಕು ಮಗ್ಗುಲಾದ. ಅಂಜಿನಮ್ಮ ಅವನ ಹಣೆಯ ಅರಿಶಿನವನ್ನು ಸೆರಗಿನಿಂದ ಒರೆಸಿದಳು, ದಿಂಬಿನ ಕೆಳಗೆ ಬೇವಿನ ಎಸಳು ಇಟ್ಟಳು. ಎಷ್ಟೋ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡಳು.

ಸಂಜೆ ಹಾಸಿಗೆ ಬದಲಿಸುವಾಗ ದಿವ್ಯಾಳ ಕೈಗೆ ಎಸಳು ಸಿಕ್ಕಿತು.

"ಅತ್ತೆ, ಇದೇನು?"

"ದೃಷ್ಟಿಗೆ ಕಣಮ್ಮ. ಬೇವಿನ ಸೊಪ್ಪು, ವಿಷವಾ ಅದು?"

"ತೊಳೆದಿದ್ರಾ? ಮಣ್ಣು, ಧೂಳು, ಬೂಷ್ಟು ಏನಿರುತ್ತೋ ಗೊತ್ತಾ? ಮನೆ ಒಳಗಡೆ ಗಿಡ ಇಡಬೇಡಿ ಅಂತ ಡಾಕ್ಟರು ಹೇಳ್ಲಿಲ್ವಾ?"

"ಎಲ್ಲಾದಕ್ಕೂ ಡಾಕ್ಟ್ರು. ನಿಮ್ಮ ಡಾಕ್ಟ್ರು ಕೊಡ್ಲಿಲ್ಲ ಕಿಡ್ನಿಯ, ನಾನು ಕೊಟ್ಟಿದ್ದು."

"ನೀವು ಕೊಟ್ಟಿದ್ದನ್ನ ಉಳಿಸೋದಕ್ಕೇ ಒದ್ದಾಡ್ತಿದ್ದೀನಿ ನಾನು!" ದಿವ್ಯಾ ಕೂಗಿದಳು. ಅವಳು ಹಾಗೆ ಕೂಗಿದ್ದು ಮದುವೆಯಾದ ನಾಲ್ಕು ವರ್ಷದಲ್ಲಿ ಮೊದಲ ಸಲ. ಎಸಳನ್ನು ಕಿಟಕಿಯಿಂದ ಆಚೆ ಎಸೆದಳು. ಅಂಜಿನಮ್ಮ ಕೆಳಗಿಳಿದು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

ಒಂದು ವಾರ ಏನೂ ಆಗಲಿಲ್ಲ. ಮುಂದಿನ ವರದಿಯಲ್ಲಿ ಆ ಅಂಕಿ ಇಳಿದಿತ್ತು ಕೂಡ. ಅಂಜಿನಮ್ಮ ಮಾರಮ್ಮನ ಗುಡಿಗೆ ಹೋಗಿ ತಂಬಿಟ್ಟು, ಮೊಸರನ್ನ ಕೊಟ್ಟು ಬಂದಳು. ಸೊಸೆಯ ಮುಖ ನೋಡಿದಾಗಲೆಲ್ಲ ಅವಳಿಗೆ ಒಳಗೊಳಗೇ ಒಂದು ಜಂಬ. ನೀನು ಮಾಡಲಾಗದ್ದನ್ನು ನಾನು ಮಾಡಿದೆ ಎಂಬ ಜಂಬ.

ಆ ಶುಕ್ರವಾರದ ನಂತರದ ಎರಡನೇ ಭಾನುವಾರ ಬೆಳಗ್ಗೆ ದಿವ್ಯಾ ತರಕಾರಿ ಗಾಡಿಗೆಂದು ಕೆಳಗಿಳಿದಳು. ನಾಲ್ಕನೇ ರೂಮಿನ ಮುಂದೆ ಸವಿತಾ ಇಟ್ಟಿಗೆ ಚೂರಿನಲ್ಲಿ ನೆಲದ ಮೇಲೆ ಮನೆ ಬರೆಯುತ್ತಿದ್ದಳು. ಮಗು ತಲೆ ಎತ್ತಿ ನಕ್ಕಾಗ ಕೆನ್ನೆ ತುಂಬ ಕಪ್ಪು ಹಕ್ಕಳೆಗಳು ಕಂಡವು. ದಿವ್ಯಾಳ ಕೈಯಿಂದ ಚೀಲ ಬಿತ್ತು.

"ಮಹಾನಂದಾ! ಏನಿದು? ಯಾವತ್ತಿಂದ?"

ಮಹಾನಂದಾ ಬಾಗಿಲಿಗೆ ಬಂದು ನಿಂತಳು. "ಆರಾಮ್ ಆಗ್ಯಾಳ್ರೀ ಮೇಡಂ. ಹದಿನಾಲ್ಕು ದಿನ ಆತು."

"ಹದಿನಾಲ್ಕು ದಿನ! ಹೇಳು ಅಂದಿರಲಿಲ್ವಾ ನಿಂಗೆ? ಮೇಲೆ ಒಂದು ಜೀವ ಇದೆ ಅಂತ ಗೊತ್ತಿಲ್ವಾ?"

"ಹೇಳೀನ್ರೀ. ಮೊದಲ್ನೇ ದಿನಾನ ಅಜ್ಜಿಗಿ ಹೇಳೀನಿ. ಸುಮ್ನಿರು ಅಂದ್ರು."

ದಿವ್ಯಾ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಅತ್ತೆಯನ್ನು ಏನೂ ಕೇಳಲಿಲ್ಲ. ಮೊದಲು ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಕಸಿ ಮಾಡಿಸಿಕೊಂಡವರಿಗೆಂದೇ ಇದ್ದ ನರ್ಸು ಅವರು.

"ಆ ಮಗು ನಿಮ್ಮವರ ಹತ್ತಿರ ಬಂದಿತ್ತಾ? ಒಂದೇ ರೂಮಲ್ಲಿ ಇದ್ರಾ?"

"ಇಲ್ಲ ಸಿಸ್ಟರ್. ಅವಳು ಕೆಳಗೆ, ಇವರು ಮೇಲೆ. ಇವರು ಇಳಿದೇ ಇಲ್ಲ, ಅವಳು ಹತ್ತೇ ಇಲ್ಲ."

"ಖಂಡಿತಾನಾ?"

ದಿವ್ಯಾ ಗಂಡನ ಕಡೆ ನೋಡಿದಳು. ಲೋಕೇಶ್ ಇಲ್ಲವೆಂದು ತಲೆಯಾಡಿಸಿದ. ಅತ್ತೆಯ ಕಡೆ ನೋಡಿದಳು. ಅಂಜಿನಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಖಂಡಿತ ಸಿಸ್ಟರ್."

"ಹಾಗಾದ್ರೆ ಭಯ ಬೇಡ. ಹತ್ತಿರ ಬಂದಿದ್ರೆ ಹತ್ತು ದಿನದೊಳಗೆ ಒಂದು ಇಂಜೆಕ್ಷನ್ ಕೊಡಬೇಕಾಗಿತ್ತು. ಹತ್ತು ದಿನ ದಾಟಿದ್ರೆ ಅದೂ ಪ್ರಯೋಜನ ಇಲ್ಲ. ಜ್ವರ ಏನಾದ್ರೂ ಬಂದ್ರೆ ಫೋನ್ ಮಾಡಿ."

ದಿವ್ಯಾ ಸೋಫಾದ ಮೇಲೆ ಕುಸಿದು ಕೂತು ಅತ್ತಳು. ಅತ್ತದ್ದು ಸಮಾಧಾನಕ್ಕೆ. ಆಮೇಲೆ ಎದ್ದು ಅತ್ತೆಗೆ ಒಂದೇ ಮಾತು ಹೇಳಿದಳು: "ಗೊತ್ತಿದ್ದೂ ಮುಚ್ಚಿಟ್ರಲ್ಲ ಅತ್ತೆ. ಇನ್ಮೇಲೆ ನಿಮ್ಮನ್ನ ನಾನು ಹೇಗೆ ನಂಬಲಿ?" ಅಂಜಿನಮ್ಮ ಸೊಪ್ಪಿನ ಜೊತೆ ದಂಟನ್ನೂ ಬುಟ್ಟಿಗೆ ಹಾಕುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಉಂಡರು. ಲೋಕೇಶ್ ಇನ್ನೊಂದು ಮುದ್ದೆ ಕೇಳಿದ. ಅಂಜಿನಮ್ಮ ಬೆರಳು ಮಡಿಚಿದಳು: ಶುಕ್ರವಾರಕ್ಕೆ ಏಳು, ಶನಿವಾರಕ್ಕೆ ಎಂಟು, ಇವತ್ತಿಗೆ ಒಂಬತ್ತು. ನಾಳೆ ಒಂದೇ ದಿನ. ತಟ್ಟೆಯಲ್ಲಿದ್ದ ಮುದ್ದೆ ಗಟ್ಟಿಯಾಗುತ್ತ ಹೋಯಿತು.

ಗಂಡನನ್ನು ಹಿತ್ತಿಲಿಗೆ ಕರೆದು ಎಲ್ಲ ಹೇಳಿದಳು. ಚಿಕ್ಕಬೈರಪ್ಪ ಬೀಡಿ ಆರಿಸಿದ.

"ತಲೆ ನೆಟ್ಟಗೈತಾ ನಿಂಗೆ? ಈಗ ಬಾಯಿ ಬುಟ್ರೆ ಮನೆ ಎರಡಾಯ್ತದೆ. ತಾಯಿ ಕೈ ಇಟ್ಟವ್ಳೆ, ಕೆಟ್ಟದು ಯಾಕಾಯ್ತದೆ? ಅವನು ಗುಂಡುಕಲ್ಲಂಗೆ ಅವ್ನೆ. ಸುಮ್ಕಿರು."

"ಏನಾರ ಆದ್ರೆ?"

"ಏನೂ ಆಗಲ್ಲ. ತಾಯಿ ಮ್ಯಾಲೆ ನಂಬ್ಕೆ ಇಲ್ವಾ?"

ನಂಬಿಕೆ ಇತ್ತು. ಆದರೆ ಡಾಕ್ಟರು ಹೇಳಿದ ಕಾವಲುಗಾರ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಸೋಮವಾರ ಬೆಳಗ್ಗೆ ಎಂಟಕ್ಕೆ ಕೊಳಲು ಮೊಳಗಿತು. ದಿವ್ಯಾ ಬಸ್ಸಿಗೆ ತಯಾರಾಗಿ ಹೆಗಲಿಗೆ ಬ್ಯಾಗು ಹಾಕಿಕೊಂಡೇ ಗಂಡನಿಗೆ ಮಾತ್ರೆ, ನೀರು ಕೊಟ್ಟಳು. ಅಂಜಿನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ದಿವ್ಯಾ."

"ಬಸ್ ಬರುತ್ತೆ ಅತ್ತೆ, ಸಂಜೆ ಹೇಳಿ."

"ನಾನು ಮುಟ್ಟಿಸ್ದೆ."

"ಏನನ್ನ?"

"ಆ ಮಗುನ ಮ್ಯಾಕೆ ಕರ್ಕೊಂಡು ಬಂದೆ. ಮೊದಲ ನೀರಿನ ದಿನ. ಇವನು ಮಲಗಿದ್ದ. ಅದರ ಕೈನ ಇವನ ತಲೆ ಮ್ಯಾಲೆ ಇಡಿಸ್ದೆ. ಒಳ್ಳೇದಾಗ್ಲಿ ಅಂತ ಇಡಿಸ್ದೆ ಕಣವ್ವ."

ಲೋಕೇಶನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ದಿವ್ಯಾ ಕೂಗುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಅಂಜಿನಮ್ಮ ಕಾದಳು. ದಿವ್ಯಾ ಬ್ಯಾಗು ಕೆಳಗಿಟ್ಟು ಫೋನು ತೆಗೆದಳು. "ಯಾವತ್ತು? ಎಷ್ಟು ಹೊತ್ತಿಗೆ?" ಎಂದಷ್ಟೇ ಕೇಳಿದಳು.

"ಹೋದ ವಾರ ಅಲ್ಲ, ಅದರ ಹಿಂದಿನ ಶುಕ್ರವಾರ. ಉಂಡ ಮ್ಯಾಲೆ."

ಬಾಡಿಗೆ ಕಾರಿನಲ್ಲಿ ಮೂವರೂ ಆಸ್ಪತ್ರೆಗೆ ಹೊರಟರು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಲೋಕೇಶ್ ಹಿಂದಕ್ಕೆ ತಿರುಗದೆ ಹೇಳಿದ: "ಅಮ್ಮಾ, ಅವತ್ತು ನಿದ್ದೇಲಿ ಯಾರೋ ತಣ್ಣಗೆ ಕೈ ಇಟ್ಟಂಗಾಗಿತ್ತು. ನೀನೇ ಅನ್ಕೊಂಡಿದ್ದೆ." ಅಂಜಿನಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೂಜಿ ಹಾಕಿಸಿದರು, ಇನ್ನೊಂದು ಮಾತ್ರೆ ಬರೆದರು. "ತಡವಾಗಿದೆ, ಆದರೆ ಕೈಮೀರಿಲ್ಲ. ಇವತ್ತೂ ಹೇಳದೇ ಇದ್ದಿದ್ರೆ ಇದೂ ಇರಲಿಲ್ಲ. ಅಂಟಿದ್ದೇ ಆದ್ರೆ ಆ ಶುಕ್ರವಾರದಿಂದ ಇಪ್ಪತ್ತೆಂಟು ದಿನದೊಳಗೆ ಯಾವಾಗ ಬೇಕಾದ್ರೂ ಕಾಣಿಸಿಕೊಳ್ಳಬಹುದು. ಒಂದೇ ಒಂದು ಗುಳ್ಳೆ ಕಂಡ್ರೂ ಅದೇ ಗಂಟೇಲಿ ಹೊರಟು ಬನ್ನಿ. ಒಂದು ರಾತ್ರಿ ಕಾದ್ರೂ ಶ್ವಾಸಕೋಶಕ್ಕೆ, ಲಿವರ್‌ಗೆ ಹೋಗಬಹುದು."

"ಬಂದ್ರೆ ಏನು ಮಾಡ್ತೀರಿ ಡಾಕ್ಟ್ರೇ?" ದಿವ್ಯಾ ಕೇಳಿದಳು.

"ಅಡ್ಮಿಟ್ ಮಾಡಿ ರಕ್ತನಾಳಕ್ಕೆ ಔಷಧಿ ಕೊಡ್ತೀವಿ. ಕಾವಲುಗಾರನನ್ನ ಎಬ್ಬಿಸಬೇಕಾಗುತ್ತೆ, ಅಂದ್ರೆ ಈ ಮಾತ್ರೆಗಳಲ್ಲಿ ಒಂದನ್ನ ನಿಲ್ಲಿಸಬೇಕು. ಎಚ್ಚರವಾದವನು ಮೊದಲು ಯಾರನ್ನ ಹೊಡೀತಾನೆ ಅಂತ ನಾವು ಹೇಳೋಕಾಗಲ್ಲ. ಕಿಡ್ನಿ ಹೋಗಲೂಬಹುದು."

ಮನೆಗೆ ಬಂದು ಮೆಟ್ಟಿಲ ಬುಡದಲ್ಲಿ ದಿವ್ಯಾ ನಿಂತಳು. "ಅತ್ತೆ, ನೀವು ಇನ್ನು ಮೇಲೆ ಹತ್ತಬೇಡಿ," ಎಂದಳು. ಅಂಜಿನಮ್ಮ ಹತ್ತಲಿಲ್ಲ.

ಚಿಕ್ಕಬೈರಪ್ಪನಿಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು. ಹೆಂಡತಿಯ ಮೇಲೆ ಆಗಲಿಲ್ಲ, ಸೊಸೆಯ ಮೇಲೆ ಆಗಲಿಲ್ಲ. ಭೀಮಪ್ಪನಿಗೆ ರೂಮು ಬಿಡು ಅಂದ. ಮಗು ಪೂರ್ತಿ ವಾಸಿಯಾಗಿದೆ, ಇನ್ನು ಅದರಿಂದ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದರೂ ಬಿಡಿಸಿದ. ಲೋಕೇಶ್ ಮೇಲಿನಿಂದ "ಅಪ್ಪಾ, ಅವರದೇನು ತಪ್ಪು? ಬಿಡು," ಎಂದು ಕೂಗಿ ಹೇಳಿದ್ದು ವ್ಯರ್ಥವಾಯಿತು. ಗುರುವಾರ ಲಗೇಜ್ ಆಟೋ ಬಂತು. ಅತ್ತಿಬೆಲೆಯಲ್ಲಿ ಯಾರೋ ಊರಿನವರ ರೂಮಿತ್ತಂತೆ. ಮಹಾನಂದಾ ಪಾತ್ರೆಯ ಗಂಟನ್ನು ಕೊನೆಗೆ ಎತ್ತಿಕೊಂಡಳು.

"ಅಜ್ಜಿ, ನೀವು ಹೇಳಬ್ಯಾಡ ಅಂದ್ರಿ, ನಾ ಹೇಳಲಿಲ್ಲ. ಕೂಸಿನ ಮ್ಯಾಲ ಒಯ್ದದ್ದು ನನಗ ಗೊತ್ತೇ ಇದ್ದಿಲ್ರೀ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. "ಅಣ್ಣಾರು ಆರಾಮ್ ಆಗ್ಲಿ."

ಮೂರು ರಾತ್ರಿ ಮೆಟ್ಟಿಲ ಕೆಳಗೆ ಮಲಗಿದ್ದ ಅಂಜಿನಮ್ಮ, ಆಟೋ ಹೋದ ಮೇಲೆ ಆ ಖಾಲಿ ರೂಮಿನಲ್ಲಿ ತನ್ನ ಹಾಸಿಗೆ ಹಾಕಿಕೊಂಡಳು. ಸವಿತಾ ಬರೆದ ಇಟ್ಟಿಗೆಯ ಮನೆ ಹೊಸಿಲಿನ ಆಚೆ ಹಾಗೇ ಇತ್ತು. ಅದನ್ನು ಗುಡಿಸಲು ಅವಳಿಗೆ ಕೈ ಬರಲಿಲ್ಲ.

ದಿನಗಳು ಕಾಲೆಳೆದವು. ದಿವ್ಯಾ ರಜೆ ಹಾಕಿದ್ದಳು. ಬೆಳಗ್ಗೆ ಕೊಳಲು ಮೊಳಗಿದ ಮೇಲೆ ಗಂಡನ ಅಂಗಿ ಬಿಚ್ಚಿಸಿ ಕತ್ತು, ಬೆನ್ನು, ಕಂಕುಳು, ಕೂದಲಿನ ಬುಡ ಎಲ್ಲ ನೋಡುತ್ತಾಳೆಂದು ಅಂಜಿನಮ್ಮನಿಗೆ ಗೊತ್ತಿತ್ತು. ಆ ಹೊತ್ತಿಗೆ ಅವಳು ಅಂಗಳದಲ್ಲಿ ನಿಂತು ಮೇಲಕ್ಕೆ ನೋಡುತ್ತಿದ್ದಳು. ದಿವ್ಯಾ ಬಟ್ಟೆ ಒಣಹಾಕಲು ಆಚೆ ಬಂದು ಇಲ್ಲವೆಂಬಂತೆ ಒಮ್ಮೆ ತಲೆಯಾಡಿಸುವಳು. ಅಷ್ಟಾದ ಮೇಲೆ ಅಂಜಿನಮ್ಮ ಕಾಫಿ ಕುಡಿಯುತ್ತಿದ್ದಳು. ಒಂದು ದಿನ ದಿವ್ಯಾ ಬಿಸಿ ಸಾರಿನ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಅಂಜಿನಮ್ಮ ಅದನ್ನು ಆಗಲೇ ಉಂಡಳು, ಬೆಳಗಿನವರೆಗೆ ಇಡಲಿಲ್ಲ.

ಇಪ್ಪತ್ತೆರಡನೇ ದಿನ, ಶನಿವಾರ, ದಿವ್ಯಾ ಆಚೆ ಬರುವುದು ತಡವಾಯಿತು. ಬಂದವಳು ತಲೆಯಾಡಿಸಲಿಲ್ಲ. ಕಂಬಿ ಹಿಡಿದು ಬಗ್ಗಿದಳು.

"ಅತ್ತೆ, ಮೇಲೆ ಬನ್ನಿ."

ಹನ್ನೆರಡು ದಿನದ ಮೇಲೆ ಅಂಜಿನಮ್ಮ ಆ ಮೆಟ್ಟಿಲು ಹತ್ತಿದಳು. ಕೈ ತೊಳೆದಳು, ಮಾಸ್ಕ್ ಹಾಕಿಕೊಂಡಳು. ಲೋಕೇಶ್ ಅಂಗಿ ಬಿಚ್ಚಿ ಮಂಚದ ಮೇಲೆ ಕೂತಿದ್ದ. ಕಣ್ಣು ಕೆಂಪಾಗಿದ್ದವು.

"ಸೊಳ್ಳೆ ಕಚ್ಚಿದ್ದಾ ನೋಡಿ," ಎಂದಳು ದಿವ್ಯಾ. "ನಿನ್ನೆ ಸೊಳ್ಳೆ ಇತ್ತು. ನಂಗೆ ಗೊತ್ತಾಗ್ತಿಲ್ಲ. ಈ ಮನೇಲಿ ಇದನ್ನ ಕಣ್ಣಾರೆ ನೋಡಿರೋರು ನೀವೊಬ್ಬರೇ."

ಕಿವಿಯ ಹಿಂದೆ ಎರಡು. ಬೆನ್ನಿನಲ್ಲಿ ಮೂರು. ಇನ್ನೊಂದು ಹೊಟ್ಟೆಯ ಬಲಗಡೆ, ತನ್ನ ಕಿಡ್ನಿ ಇಟ್ಟು ಹೊಲಿದ ಗೀರಿನ ಪಕ್ಕದಲ್ಲಿ. ಕೆಂಪು ಚುಕ್ಕೆ, ಅದರ ಮೇಲೆ ನೀರಿನ ಹನಿ. ಅಂಜಿನಮ್ಮನಿಗೆ ಎರಡನೇ ಸಲ ನೋಡಬೇಕಾಗಲಿಲ್ಲ.

ಬಾಗಿಲಲ್ಲಿ ಚಿಕ್ಕಬೈರಪ್ಪ ನಿಂತಿದ್ದ. ಹೆಂಡತಿಯ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. ಕೆಳಗಿಳಿದು ಬೇವಿನ ಸೊಪ್ಪು ಮುರಿದು ತಂದ. ತಲೆಬಾಗಿಲಿಗೆ ಕಟ್ಟುತ್ತ, "ತಾಯಿ ನಮ್ಮನೆಗೇ ಬಂದವ್ಳೆ. ಇನ್ನು ಯಾರೂ ಹೊಸಿಲು ದಾಟಂಗಿಲ್ಲ," ಎಂದ. ಅವನ ಕಣ್ಣಲ್ಲಿ ನೀರಿತ್ತು. "ದಾಟಿದ್ರೆ ಮುನಿಸ್ಕೋತಾಳೆ. ಒಂಬತ್ತು ದಿನ ತಣ್ಣಗಿಟ್ರೆ ತಾನೇ ಇಳೀತಾಳೆ."

"ಮಾವ, ದಾರಿ ಬಿಡಿ!" ದಿವ್ಯಾ ಫೋನು ಕಿವಿಗಿಟ್ಟುಕೊಂಡೇ ಕೂಗಿದಳು. "ಸಿಸ್ಟರ್, ಏನೋ ಬಂದಿದೆ, ನಂಗೆ ಖಚಿತ ಇಲ್ಲ... ನಮ್ಮತ್ತೆ ನೋಡಿದ್ದಾರೆ, ಅವರಿಗೇ ಕೊಡ್ತೀನಿ."

ಅಂಜಿನಮ್ಮ ಫೋನು ತೆಗೆದುಕೊಂಡಳು.

"ಏನು ಕಾಣ್ತಿದೆಯಮ್ಮ?" ನರ್ಸು ಕೇಳಿದರು.

ಗಂಡ ಬೇವಿನ ಎಸಳು ಹಿಡಿದುಕೊಂಡೇ ಅವಳ ಬಾಯನ್ನು ನೋಡುತ್ತಿದ್ದ. ಅವಳು ಹುಟ್ಟಿದಾಗಿನಿಂದ ಆ ತಾಯಿಯನ್ನು ಬೇರೆ ಹೆಸರಿನಿಂದ ಕರೆದವಳಲ್ಲ.

"ಚಿಕನ್ ಪಾಕ್ಸು," ಎಂದಳು. "ಆರು ಗುಳ್ಳೆ. ನೀರು ತುಂಬ್ಕೊಂಡವೆ. ಮೈ ಬಿಸಿ ಐತೆ."

"ತಕ್ಷಣ ಹೊರಡಿ. ಬೆಡ್ ರೆಡಿ ಮಾಡಿಸ್ತೀನಿ. ಬೆಳಗಿನ ಮಾತ್ರೆ ಕೊಟ್ಟಿದ್ದೀರಾ? ಕೊಟ್ಟಿಲ್ಲ ಅಂದ್ರೆ ಹಾಗೇ ಇರಲಿ, ಡಾಕ್ಟರು ಒಂದನ್ನ ನಿಲ್ಲಿಸ್ತಾರೆ ಅನ್ಸುತ್ತೆ. ಕಿಡ್ನಿ ವಿಷಯ ಡಾಕ್ಟರು ಹೇಳಿದ್ರಲ್ಲ, ನಿಮಗೆ ಗೊತ್ತಿದೆ ತಾನೆ?"

"ಗೊತ್ತೈತೆ ಸಿಸ್ಟರ್. ನಿಲ್ಲಿಸಿ. ಕಿಡ್ನಿ ನಂದೇ, ನಾನೇ ಯೋಳ್ತಾ ಇವ್ನಿ. ಅದು ಹೋದ್ರೆ ಹೋಗ್ಲಿ. ಇವನು ಉಳಕೊಂಡ್ರೆ ಸಾಕು."

ದಿವ್ಯಾ ಅಲ್ಲೇ ನಿಂತು ಅತ್ತೆಯನ್ನು ನೋಡಿದಳು. ಆಮೇಲೆ ಬೇಗ ಬೇಗ ಗಂಡನ ಅಂಗಿಯ ಗುಂಡಿ ಹಾಕತೊಡಗಿದಳು.

ಅಂಜಿನಮ್ಮ ಬಾಗಿಲಿಗೆ ಹೋದಳು. ಚಿಕ್ಕಬೈರಪ್ಪ "ಅಂಜಿನೀ, ಬ್ಯಾಡ," ಎಂದ. ಅವಳು ಎರಡೂ ಕೈಯಿಂದ ಬೇವಿನ ತೋರಣ ಹಿಡಿದು ಎಳೆದಳು. ದಾರ ಹರಿಯಿತು, ಸೊಪ್ಪು ಹೊಸಿಲ ಮೇಲೆ ಚೆಲ್ಲಿತು. ಅಭ್ಯಾಸದಿಂದ ಅವಳ ಕೈ ಕೆನ್ನೆ ಬಡಿದುಕೊಳ್ಳಲು ಮೇಲೆ ಹೋಯಿತು. ಅರ್ಧಕ್ಕೇ ನಿಲ್ಲಿಸಿ, ಆ ಕೈಯಿಂದ ಆಸ್ಪತ್ರೆಯ ಬ್ಯಾಗು ಎತ್ತಿಕೊಂಡಳು.

"ನಡಿ ಮಗಾ," ಎಂದು ಹೇಳಿ, ಸೊಪ್ಪು ತುಳಿದುಕೊಂಡು ಎಲ್ಲರಿಗಿಂತ ಮುಂದೆ ಮೆಟ್ಟಿಲಿಳಿದು ಗೇಟು ತೆಗೆದಳು.